ಒಪ್ಪಿಗೆ ಪತ್ರದಲ್ಲಿ ಖಾಲಿ ಜಾಗ ಬಿಡಬೇಡಿ: ಹಾಸನದಲ್ಲಿ ನಮ್ಮಕ್ಕನಿಗೆ ಆದದ್ದು

ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ, ದೂರು ಇನ್ನೂ ವಿಚಾರಣೆಯಲ್ಲಿದೆ. ಬೇಲೂರು, ಆಲೂರು, ಸಕಲೇಶಪುರದ ಕಡೆಯಿಂದ ಮನೆಯ ಹೆಂಗಸರನ್ನು ಆಪರೇಷನ್‌ಗೆ ಹಾಸನಕ್ಕೆ ಕರೆದುಕೊಂಡು ಬರುವವರು ದಯವಿಟ್ಟು ಓದಿ.

ಅಕ್ಕನ ಅಂಡಾಶಯದಲ್ಲಿ ನೀರುಗುಳ್ಳೆ ಇತ್ತು. ಸಣ್ಣ ತೂತು ಹಾಕಿ ತೆಗೀತೀವಿ ಅಂದಿದ್ದರು. ಥಿಯೇಟರಿನಿಂದ ಹೊರಗೆ ಬರುವಷ್ಟರಲ್ಲಿ ಗರ್ಭಕೋಶವನ್ನೇ ತೆಗೆದಿದ್ದರು. ಕೇಳಿದರೆ ಡಾಕ್ಟರು, "ಅಲ್ಲೂ ಗಡ್ಡೆ ಇತ್ತಮ್ಮ. ಮಕ್ಕಳಾಗಿವೆಯಲ್ಲ, ಇನ್ಯಾಕದು? ಮುಂದೆ ಇನ್ನೊಂದು ಆಪರೇಷನ್ ಖರ್ಚು ಉಳೀತು" ಅಂದರು. ಉಪಕಾರ ಮಾಡಿದವರ ಧಾಟಿ! ತೆಗೆದದ್ದನ್ನು ಲ್ಯಾಬಿನಲ್ಲಿ ಪರೀಕ್ಷಿಸುವ ಬಯಾಪ್ಸಿಗೂ ಕಳಿಸಿರಲಿಲ್ಲ.

"ನಿಮ್ಮ ಯಜಮಾನರೇ ಸೈನ್ ಹಾಕಿದ್ದಾರಲ್ಲ" ಅನ್ನುವುದು ಅವರ ಇನ್ನೊಂದು ಉತ್ತರ. ಭಾವ ಒಪ್ಪಿಗೆ ಪತ್ರಕ್ಕೆ ಸೈನ್ ಹಾಕಿದ್ದು ನಿಜ. ಅಡ್ವಾನ್ಸ್ ಕಟ್ಟುವ ಕೌಂಟರಿನಲ್ಲಿ, ಪೆನ್ಸಿಲ್ ಗುರುತು ಇದ್ದ ಕಡೆಯೆಲ್ಲ. ಅಕ್ಕ ಅಲ್ಲೇ ಬೆಂಚಿನ ಮೇಲೆ ಕೂತಿದ್ದಳು, ಡಿಗ್ರಿ ಓದಿದವಳು. ಅವಳಿಗೆ ಹಾಳೆ ತೋರಿಸಲೇ ಇಲ್ಲ. ಆಮೇಲೆ ಕೇಸ್ ಶೀಟ್, ಅಂದರೆ ಆಸ್ಪತ್ರೆಯ ಚಿಕಿತ್ಸೆಯ ದಾಖಲೆ, ತೆಗೆಸಿ ಒಪ್ಪಿಗೆ ಪತ್ರ ನೋಡಿದೆವು. ಆಪರೇಷನ್ ಹೆಸರಿನ ಸಾಲಿನಲ್ಲಿ ಗುಳ್ಳೆ ತೆಗೆಯುವುದು ಒಂದು ಕೈಬರಹ. ಅದರ ಪಕ್ಕ ಗರ್ಭಕೋಶದ ವಿಷಯ ಇನ್ನೊಂದು ಕೈಬರಹ, ಜಾಗ ಸಾಲದೆ ಕೊನೆಯ ಅಕ್ಷರಗಳು ಭಾವನ ಸೈನ್ ಮೇಲೇ ಹತ್ತಿವೆ.

ಗಂಡನ ಸೈನ್ ಸಾಕು ಅನ್ನುವುದೇ ಸುಳ್ಳು. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲೇ ಇದನ್ನು ತೀರ್ಮಾನಿಸಿದೆ. ಅಲ್ಲೂ ಲ್ಯಾಪರೋಸ್ಕೋಪಿ (ಸಣ್ಣ ತೂತಿನಿಂದ ಕ್ಯಾಮೆರಾ ಹಾಕಿ ನೋಡುವ) ಪರೀಕ್ಷೆಗೆ ಬಂದ ಮಹಿಳೆ ಅರಿವಳಿಕೆಯಲ್ಲಿದ್ದಾಗ, ಆಕೆಯ ತಾಯಿಯನ್ನು ಕೇಳಿ ಗರ್ಭಕೋಶ, ಅಂಡಾಶಯ ತೆಗೆದಿದ್ದರು. ವಯಸ್ಕ ರೋಗಿಗೆ ಎಚ್ಚರವಾದ ಮೇಲೆ ಕೇಳಲು ಸಾಧ್ಯವಿದ್ದು, ಜೀವಕ್ಕೆ ಅಪಾಯವೂ ಇಲ್ಲದಿದ್ದರೆ, ಬೇರೆಯವರ ಒಪ್ಪಿಗೆ ನಡೆಯದು ಅಂತ ಕೋರ್ಟ್ ಹೇಳಿತು.

ಹಾಗಾಗಿ ಸೈನ್ ಹಾಕಬೇಕಾದ್ದು ರೋಗಿಯೇ. ಆಪರೇಷನ್ ಹೆಸರು ಬರೆಸಿ, ಕನ್ನಡದಲ್ಲಿ ಹೇಳಿಸಿ, ಉಳಿದ ಜಾಗಕ್ಕೆ ಗೆರೆ ಎಳೆದು ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಕೌಂಟರಿನವರು ಗೊಣಗುತ್ತಾರೆ, ಗೊಣಗಲಿ. ಕೇಸ್ ಶೀಟನ್ನು ಬಾಯಲ್ಲಿ ಕೇಳಿದರೆ "ನಾಳೆ ಬನ್ನಿ" ಶುರುವಾಗುತ್ತದೆ. ಅರ್ಜಿ ಬರೆದು ಕೊಟ್ಟು ನಿಮ್ಮ ಪ್ರತಿಗೆ ಸೀಲು ಹಾಕಿಸಿ. ವೈದ್ಯರ ವೃತ್ತಿನೀತಿಯ 2002ರ ನಿಯಮದ ಪ್ರಕಾರ 72 ಗಂಟೆಯೊಳಗೆ ಕೊಡಬೇಕು. ನಾವು ಡಾಕ್ಟರ ಮೇಲೆ ಕರ್ನಾಟಕ ವೈದ್ಯಕೀಯ ಪರಿಷತ್ತಿಗೂ, ಆಸ್ಪತ್ರೆಯ ಮೇಲೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಕುಂದುಕೊರತೆ ಪ್ರಾಧಿಕಾರಕ್ಕೂ ದೂರು ಕೊಟ್ಟಿದ್ದೇವೆ. ಎರಡೂ ಕಡೆ ಅವರು ಮೊದಲು ಕೇಳಿದ್ದು ಆ ಒಪ್ಪಿಗೆ ಪತ್ರದ ಪ್ರತಿಯನ್ನೇ.