ಅಪಸಾಮಾನ್ಯ ಮನೋವಿಜ್ಞಾನದ ಆನ್‌ಲೈನ್ ಕೋರ್ಸ್: ಆನುವಂಶಿಕತೆಯ ಪಾಠ ಗಟ್ಟಿ, ಚಿಕಿತ್ಸೆಯ ಪಾಠ ಜೊಳ್ಳು

ಚಿಕ್ಕಪ್ಪನಿಗೆ ಸ್ಕಿಜೋಫ್ರೇನಿಯಾ (ಭ್ರಮೆಗಳು, ಇಲ್ಲದ ದನಿ ಕೇಳಿಸುವುದು ಮುಂತಾದ ಲಕ್ಷಣಗಳ ಮಾನಸಿಕ ಕಾಯಿಲೆ) ಇದೆ. ಅದು ವಂಶದಲ್ಲಿ ಹರಿದು ಬರುವ ಕಾಯಿಲೆಯೇ ಎಂಬ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಕೇಳಿರಲಿಲ್ಲ. ಉತ್ತರ ಹುಡುಕಿಕೊಂಡೇ ನಾನು ಮಾನಸಿಕ ಕಾಯಿಲೆಗಳನ್ನು ಕುರಿತ ಈ ಎಂಟು ವಾರಗಳ ಕೋರ್ಸಿಗೆ ಸೇರಿದೆ.

ಆನುವಂಶಿಕ ಅಪಾಯದ ಪಾಠಗಳೇ ಇದರ ಜೀವಾಳ. ಸಾಮಾನ್ಯ ಜನರಲ್ಲಿ ಶೇ. 1ರಷ್ಟಿರುವ ಈ ಕಾಯಿಲೆಯ ಅಪಾಯ, ರೋಗಿಯ ತದ್ರೂಪಿ ಅವಳಿಯಲ್ಲಿ ಶೇ. 50ರ ಸಮೀಪಕ್ಕೆ ಏರುವುದನ್ನು ತೋರಿಸಿದ ಉಪನ್ಯಾಸಕಿ, ವಂಶವಾಹಿಗಳು ಒಂದೇ ಆಗಿದ್ದರೂ ಉಳಿದರ್ಧ ಮಂದಿ ಕಾಯಿಲೆ ಬೀಳದಿರುವುದೇಕೆ ಎಂದು ಕೇಳುತ್ತಾರೆ. ಮುಂದೆ ಮನೋವೈದ್ಯ ಹೆಸ್ಟನ್ 1966ರಲ್ಲಿ ಪ್ರಕಟಿಸಿದ ಅಧ್ಯಯನ ಬರುತ್ತದೆ: ಸ್ಕಿಜೋಫ್ರೇನಿಯಾ ಇದ್ದ ತಾಯಂದಿರಿಗೆ ಹುಟ್ಟಿ, ಹುಟ್ಟಿದ ಕೆಲವೇ ದಿನಗಳಲ್ಲಿ ಅವರಿಂದ ಬೇರ್ಪಟ್ಟು ಬೆಳೆದ 47 ಮಂದಿಯಲ್ಲಿ 5 ಮಂದಿಗೆ ಆ ಕಾಯಿಲೆ ಬಂದಿತ್ತು; ಹೋಲಿಕೆಗೆಂದು ಆರಿಸಿದ 50 ಮಂದಿಯಲ್ಲಿ ಒಬ್ಬರಿಗೂ ಬಂದಿರಲಿಲ್ಲ. ಈ ಪಾಠವನ್ನು ಚಿಕ್ಕಪ್ಪನ ಮಗಳ ಜೊತೆ ಕುಳಿತು ಮತ್ತೊಮ್ಮೆ ನೋಡಿದೆ. 47ರಲ್ಲಿ 42 ಮಂದಿಗೆ ಬರಲಿಲ್ಲವಲ್ಲ ಎಂದು ಲೆಕ್ಕ ಹಾಕಿದವಳು ಅವಳೇ.

ವ್ಯಕ್ತಿತ್ವದ ಭಾಗ ಸಾಧಾರಣ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿ ಡಿಎಸ್ಎಂ-5 ಹೆಸರಿಸುವ 10 ವ್ಯಕ್ತಿತ್ವ ದೋಷಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಾರೆ. ನ್ಯೂರೋಟಿಸಿಸಂ (ಬೇಗ ಆತಂಕ, ದುಗುಡಕ್ಕೆ ಒಳಗಾಗುವ ಸ್ವಭಾವ) ಹೆಚ್ಚಿದ್ದವರಿಗೆ ಖಿನ್ನತೆಯ ಅಪಾಯ ಹೆಚ್ಚು ಎನ್ನುತ್ತಾರೆ, ಆದರೆ ಖಿನ್ನತೆಯಲ್ಲಿರುವಾಗ ಅಳೆದರೆ ಆ ಅಂಕವೇ ಏರಿ ಕಾಣುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ.

ನಿಜವಾಗಿ ನೋವಾದದ್ದು ಚಿಕಿತ್ಸೆಯ ಮೌಲ್ಯಮಾಪನದ ಪಾಠದಲ್ಲಿ. ಖಿನ್ನತೆಯ ತೀವ್ರತೆಗೆ 0ಯಿಂದ 27ರವರೆಗೆ ಅಂಕ ಕೊಡುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ ಒಬ್ಬ ರೋಗಿಯ ಅಂಕ 19ರಿಂದ 9ಕ್ಕೆ ಇಳಿದ ಮಾದರಿ ತೋರಿಸಿ, ಚಿಕಿತ್ಸೆ ಫಲಿಸಿತು ಎಂದು ಬರೆದುಬಿಟ್ಟಿದ್ದಾರೆ. ಜನ ಸಾಮಾನ್ಯವಾಗಿ ಚಿಕಿತ್ಸೆಗೆ ಬರುವುದು ಬಳಲಿಕೆ ತೀರಾ ಹೆಚ್ಚಾದಾಗ. ಅಲ್ಲಿಂದ ಸ್ವಲ್ಪ ಇಳಿತ ತಾನಾಗಿಯೂ ಆಗಬಹುದು. ಮನೋಚಿಕಿತ್ಸೆ ಇಲ್ಲದೆಯೂ ಆತಂಕ, ಖಿನ್ನತೆಯಂಥ ಮನೋಬಾಧೆ ಇರುವವರಲ್ಲಿ ಸುಮಾರು ಮೂರನೇ ಎರಡರಷ್ಟು ಮಂದಿ ಸುಧಾರಿಸುತ್ತಾರೆ ಎಂದು ಮನೋವಿಜ್ಞಾನಿ ಐಸೆಂಕ್ 1952ರಲ್ಲಿ ಎಬ್ಬಿಸಿದ ವಾದವಾಗಲಿ, 375 ಅಧ್ಯಯನಗಳನ್ನು ಒಟ್ಟುಗೂಡಿಸಿ ಸಂಶೋಧಕರಾದ ಸ್ಮಿತ್ ಮತ್ತು ಗ್ಲಾಸ್ 1977ರಲ್ಲಿ ಮನೋಚಿಕಿತ್ಸೆಯ ಪರವಾಗಿ ಕೊಟ್ಟ ಉತ್ತರವಾಗಲಿ ಇಲ್ಲಿ ಸುಳಿಯುವುದೇ ಇಲ್ಲ. ಹೆಸ್ಟನ್ ಅವರ ಆ 50 ಮಂದಿ ಏಕೆ ಬೇಕಾಗಿದ್ದರು ಎಂದು ಅಷ್ಟು ಚೆನ್ನಾಗಿ ತಿಳಿಸಿದ ಕೋರ್ಸು, ಹೋಲಿಕೆಯ ಗುಂಪನ್ನು ಇಲ್ಲಿ ಮರೆತೇಬಿಟ್ಟಿದೆ. ಔಷಧಿ, ಸಮಾಲೋಚನೆಗಳ ಬಗ್ಗೆ ತೀರ್ಮಾನಕ್ಕೆ ಬರಬೇಕಾದ ಕುಟುಂಬಗಳೂ ಈ ಪಾಠ ಕೇಳುತ್ತಿವೆ. ಎರಡು ಬಾರಿ ಬರೆದು ತಿಳಿಸಿದ್ದೇನೆ. ಮಾದರಿ ಇನ್ನೂ ಹಾಗೆಯೇ ಇದೆ.

ಮೊದಲ ನಾಲ್ಕು ವಾರಗಳಿಗಾಗಿ ಧಾರಾಳವಾಗಿ ಸೇರಬಹುದು. ಚಿಕಿತ್ಸೆಯ ಭಾಗವನ್ನು ಮಾತ್ರ, ಅದನ್ನು ತಿದ್ದುವವರೆಗೆ, ನಂಬಿ ಕಲಿಯಬೇಡಿ.