ಎಂಎಸ್ ವ್ಯಾಯಾಮಕ್ಕೆ ಹೆಡ್‌ಸೆಟ್, ಕಿನೆಕ್ಟ್, ಬ್ಯಾಲೆನ್ಸ್ ಬೋರ್ಡ್: ರಾಯಚೂರಿನ ಮನೆಗಳಲ್ಲಿ ಯಾವುದು ಬಾಳುತ್ತದೆ?

ನರಗಳ ಹೊದಿಕೆ ಸವೆಯುವ ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗ, ಅಂದರೆ ಎಂಎಸ್ ಇರುವವರಿಗೆ ಸಮತೋಲನದ ವ್ಯಾಯಾಮ ಮಾಡಿಸಲು ರಾಯಚೂರು, ಮಾನ್ವಿ, ಸಿಂಧನೂರು ಕಡೆಯ ಮನೆಗಳಲ್ಲಿ ಮೂರು ಸಾಧನ ಹಚ್ಚಿ ನೋಡಿದ್ದೇವೆ: ಕಣ್ಣಿಗೆ ಕಟ್ಟಿಕೊಳ್ಳುವ ಕ್ವೆಸ್ಟ್ 2 ವಿಆರ್ ಹೆಡ್‌ಸೆಟ್, ಎಕ್ಸ್‌ಬಾಕ್ಸ್ 360 ಗೇಮ್ ಯಂತ್ರದ ಕಿನೆಕ್ಟ್ ಕ್ಯಾಮೆರಾ, ನಿಂಟೆಂಡೊ ವೀ ಗೇಮ್ ಯಂತ್ರದ ಜೊತೆಗಿನ, ಮೇಲೆ ನಿಲ್ಲುವ ಬ್ಯಾಲೆನ್ಸ್ ಬೋರ್ಡ್. ಮೊದಲ ವಾರ ಎಲ್ಲರಿಗೂ ಹಿಡಿಸುವುದು ಹೆಡ್‌ಸೆಟ್. ತಿಂಗಳುಗಟ್ಟಲೆ ಬಳಕೆಯಲ್ಲಿ ಉಳಿಯುವುದು ಬೋರ್ಡ್. ಎಂಎಸ್ ಇರುವವರು ಇರುವ ಶಕ್ತಿಯನ್ನು ಲೆಕ್ಕವಿಟ್ಟೇ ಖರ್ಚು ಮಾಡಬೇಕು. ಸಾಧನ ಹೊಂದಿಸುವುದರಲ್ಲೇ ಅರ್ಧ ಕರಗಿದರೆ ಮರುದಿನ ಅದನ್ನು ಮುಟ್ಟುವವರಿಲ್ಲ.

ಯಾವ ಸಾಧನವಾದರೂ ಮೊದಲ ಶತ್ರು ಬಿಸಿಲು. ಮೈಯ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಮಯಲಿನ್ ಎಂಬ ಆ ಹೊದಿಕೆ ಸವೆದ ನರಗಳಲ್ಲಿ ಸಂಕೇತಕ್ಕೆ ತಡೆಯಾಗುತ್ತದೆ. ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಉಥಾಫ್ ಮೈ ದಣಿದಾಗ ಎಂಎಸ್ ಇರುವವರ ಕಣ್ಣು ಮಂಜಾಗುವುದನ್ನು 1890ರಲ್ಲೇ ಗುರುತಿಸಿದ್ದರು; ಕಾರಣ ಮೈಯ ಬಿಸಿ ಎಂದು ಗೊತ್ತಾದದ್ದು ಆಮೇಲೆ. ಹಾಗಾಗಿ ಮಾರ್ಚ್‌ನಿಂದ ಜೂನ್‌ವರೆಗೆ ಬೆಳಿಗ್ಗೆ ಏಳರೊಳಗೆ ವ್ಯಾಯಾಮ ಮುಗಿಯಬೇಕು. ಶುರುಮಾಡುವ ಮುನ್ನ ಒಂದು ಲೋಟ ತಣ್ಣೀರು, ಕೊರಳಿಗೆ ಒದ್ದೆ ಟವೆಲ್, ಎದುರಿಗೆ ಏರ್ ಕೂಲರ್. ಹತ್ತು ನಿಮಿಷ ಮಾಡಿ, ಹತ್ತು ನಿಮಿಷ ಕುಳಿತು, ಮತ್ತೆ ಹತ್ತು ನಿಮಿಷ. ತಣ್ಣಗಾದ ಮೇಲೂ ಸೋಲು ಇಳಿಯದೆ 24 ಗಂಟೆ ದಾಟಿದರೆ ಅದು ಬಿಸಿಲಿನದಲ್ಲ, ರೋಗ ಮರುಕಳಿಸಿರಬಹುದು ಅಥವಾ ಮೂತ್ರದ ಸೋಂಕಿರಬಹುದು. ನರರೋಗ ವೈದ್ಯರಿಗೆ ತೋರಿಸಬೇಕು.

ಹೆಡ್‌ಸೆಟ್ ಸೋಲುವುದು ಇಲ್ಲಿಯೇ. ಅರ್ಧ ಕಿಲೋ ತೂಕ ಮುಖದ ಮೇಲೆ ಕೂರುತ್ತದೆ, ಸ್ಪಂಜು ಬೆವರು ಹೀರುತ್ತದೆ, ಲೆನ್ಸ್‌ಗೆ ಮಂಜು ಕಟ್ಟುತ್ತದೆ. ಸಿಲಿಕೋನ್ ಕವರ್ ಹಾಕಿದರೆ ಒರೆಸಲು ಸುಲಭ, ಸೆಕೆ ಮಾತ್ರ ಹಾಗೇ. ತುರುಬು ಕಟ್ಟಿದವರಿಗೆ ಹಿಂದಿನ ಪಟ್ಟಿ ನಿಲ್ಲುವುದಿಲ್ಲ; ಜಡೆ ಹೆಣೆದು ಮುಂದಕ್ಕೆ ಬಿಡಬೇಕು. ಎರಡೆರಡು ಕಾಣುವವರು, ಕಣ್ಣುಗುಡ್ಡೆ ಅದುರುವವರು ಐದು ನಿಮಿಷಕ್ಕೇ ವಾಕರಿಕೆ ಎನ್ನುತ್ತಾರೆ. ಕ್ವೆಸ್ಟ್ 2ರ ಲೆನ್ಸ್ ಅಂತರಕ್ಕೆ ಇರುವುದು 58, 63, 68 ಮಿ.ಮೀ. ಎಂಬ ಮೂರೇ ಗುರುತು. ಅಳತೆ ತಪ್ಪಿದರೆ ಕಣ್ಣು ಬೇಗ ಸೋಲುತ್ತದೆ. ಸುತ್ತಲಿನ ಲೋಕವೇ ಓಡುವ ಆಟ ಬೇಡ. ನಿಂತ ಜಾಗಕ್ಕೇ ವಸ್ತುಗಳು ಬರುವಂಥದ್ದನ್ನು, ಅದೂ ಕುರ್ಚಿಯಲ್ಲಿ ಕೂತು, ಐದೈದು ನಿಮಿಷದಿಂದ ಶುರುಮಾಡಬೇಕು. ಒಳಗೆ ಏನು ಕಾಣುತ್ತಿದೆ ಎಂದು ಮನೆಯವರಿಗೆ ತಿಳಿಯದು, ಜೋಲಿ ಹೋದಾಗ ಹಿಡಿಯಲು ತಡವಾಗುತ್ತದೆ. ಚಿತ್ರ ಫೋನಿನಲ್ಲೂ ಬರುವಂತೆ ಮಾಡಿ ಕೊಡಿ. ಒಂದು ಗುಣ ಒಪ್ಪಲೇಬೇಕು: ಕರೆಂಟ್ ಹೋದರೂ ಎರಡು ತಾಸು ನಡೆಯುತ್ತದೆ.

ಕಿನೆಕ್ಟ್‌ನಲ್ಲಿ ಮೈಮೇಲೆ ಏನೂ ಇಲ್ಲ, ಕೈಯಲ್ಲೂ ಏನೂ ಇಲ್ಲ. ಆದರೆ ಸೀರೆ, ಲುಂಗಿಯೊಳಗಿನ ಮೊಣಕಾಲು ಅದಕ್ಕೆ ಕಾಣುವುದಿಲ್ಲ. ಹೆಜ್ಜೆ ಎತ್ತಿದರೂ ಲೆಕ್ಕಕ್ಕೆ ಬಾರದೆ ರೋಗಿ ಬೇಸರಪಡುತ್ತಾರೆ. ಚೂಡಿದಾರ ಅಥವಾ ಪ್ಯಾಂಟ್ ಹಾಕಿಕೊಳ್ಳಿ ಎಂದರೆ ಹಿರಿಯರಲ್ಲಿ ಎಷ್ಟು ಜನ ಒಪ್ಪುತ್ತಾರೆ? ಹಿಂದೆ ಆಸರೆಗೆ ನಿಂತವರ ಮೈಯನ್ನೂ ರೋಗಿಯ ಮೈಯನ್ನೂ ಅದು ಕಲಸಿಬಿಡುತ್ತದೆ. ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವುದರಿಂದ ತಲೆಬಾಗಿಲಿನ ಬಿಸಿಲು ಪಡಸಾಲೆಗೆ ಬಿದ್ದರೆ ಕುರುಡಾಗುತ್ತದೆ. ಎದುರಿಗೆ ಆರಡಿ ಖಾಲಿ ಜಾಗವೂ ಬೇಕು. ತಯಾರಿಕೆ ಎಂದೋ ನಿಂತಿದೆ, ಹಳೆಯದನ್ನೇ ಹುಡುಕಬೇಕು. ನಮ್ಮ ಲೆಕ್ಕದಲ್ಲಿ ಇದು ಕ್ಲಿನಿಕ್ಕಿಗೆ ಸರಿ, ಮನೆಗಲ್ಲ.

ಬೋರ್ಡ್‌ನ ಕೆಲಸ ಸರಳ: ನಾಲ್ಕು ಮೂಲೆಯಲ್ಲಿ ನಾಲ್ಕು ಸೆನ್ಸರ್, ತೂಕ ಎತ್ತ ವಾಲಿತೆಂದು ಟಿವಿಯಲ್ಲಿ ಚುಕ್ಕೆ ತೋರಿಸುತ್ತದೆ. 150 ಕಿಲೋವರೆಗೆ ತಾಳುತ್ತದೆ, ನಾಲ್ಕು ಎಎ ಸೆಲ್ ಸಾಕು. ಟಿವಿ, ವೀ ಎರಡೂ ಸಣ್ಣ ಇನ್ವರ್ಟರ್ ಮೇಲೆ ನಡೆಯುತ್ತವೆ. ಇಲ್ಲಿನ ತೊಂದರೆ ನೆಲದ್ದು. ಶಾಬಾದಿ ಬಂಡೆ ಹಾಸಿದ ನೆಲ ಸಮವಿರದೆ ಬೋರ್ಡ್ ಕುಲುಕಿದರೆ ಚುಕ್ಕೆ ತಾನೇ ಅಲೆಯುತ್ತದೆ. ಕೆಳಗೆ ಗಟ್ಟಿ ಪ್ಲೈವುಡ್ ಹಾಕಿ, ಅಲುಗುವ ಮೂಲೆಗೆ ಅಡಿಯಲ್ಲಿ ಚಕ್ಕೆ ಕೊಡಿ. ಚಾಪೆ, ಜಮಖಾನ ಬೇಡ. ಪಾದ ಜೋತುಬೀಳುವವರಿಗೆ ಬೋರ್ಡಿನ ಗೇಣಿಗೂ ಕಡಿಮೆ ಎತ್ತರವೇ ಎಡವುಗಲ್ಲು: ಏರುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ಸೋತ ಕಾಲು ಮೊದಲು. ಮುಂದೆ ವಾಕರ್, ಹಿಂದೆ ಗಾಲಿಯಿಲ್ಲದ ಕುರ್ಚಿ. ವಾಕರ್ ಮೇಲೆ ಕೈಭಾರ ಬಿಟ್ಟರೆ ಬೋರ್ಡಿನ ತೂಕ ಇಳಿಯುತ್ತದೆ. ಯಾರು ಕದ್ದು ಆಸರೆ ಪಡೆಯುತ್ತಿದ್ದಾರೆಂದು ಅಲ್ಲೇ ಗೊತ್ತಾಗುತ್ತದೆ. ಅಮೆರಿಕದಿಂದ ಬಂದ ವೀ ಆದರೆ ಅದರ ಅಡಾಪ್ಟರ್ 120 ವೋಲ್ಟ್‌ನದು, ನಮ್ಮ ಪ್ಲಗ್ಗಿಗೆ ನೇರ ಹಾಕಿದರೆ ಸುಡುತ್ತದೆ. ಹೊಸ ಟಿವಿಗೆ ಕೆಂಪು-ಹಳದಿ-ಬಿಳಿ ವೈರಿನ ತೂತು ಇಲ್ಲದಿದ್ದರೆ ಎಚ್‌ಡಿಎಂಐ ಪರಿವರ್ತಕ ಬೇಕು.

ರಟ್ಟಿನ ಪೆಟ್ಟಿಗೆಯಲ್ಲಿ ಫೋನ್ ಇಡುವ ಅಗ್ಗದ ಬಗೆ ಬೇಡವೇ ಬೇಡ. ತಲೆ ತಿರುಗಿಸಿದ್ದಷ್ಟೇ ಅದಕ್ಕೆ ತಿಳಿಯುತ್ತದೆ, ಹೆಜ್ಜೆ ತಿಳಿಯದು, ವಾಕರಿಕೆ ಗ್ಯಾರಂಟಿ.

ನಿಲ್ಲಲಾರದವರಿಗೆ ಮಾತ್ರ ನಾವು ಹೆಡ್‌ಸೆಟ್ ಕಡೆಗೇ ವಾಲುತ್ತೇವೆ: ಕೂತು ಕೈ ಚಾಚುವ ಆಟಕ್ಕೆ ಬೋರ್ಡ್ ಉಪಯೋಗಕ್ಕೆ ಬಾರದು. ಯಾವುದನ್ನೇ ಕೊಟ್ಟರೂ ಸಾಧನದೊಳಗಿನ ಗಂಟೆಯ ಲೆಕ್ಕ ನಂಬಬೇಡಿ, ಮೊಮ್ಮಗ ಆಡಿದ್ದೂ ಅದರಲ್ಲಿ ಸೇರಿರುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ಮಾಡಿದ ದಿನಕ್ಕೆ ಗೆರೆ, ಬಿಟ್ಟ ದಿನಕ್ಕೆ ಒಂದೇ ಪದದ ಕಾರಣ: ಸುಸ್ತು, ಸೆಕೆ, ಕರೆಂಟ್, ಮದುವೆ. ಸೆಕೆ ಎಂದು ಸಾಲಾಗಿ ಬಂದರೆ ಹೊತ್ತು ಬದಲಿಸಿ, ಸುಸ್ತು ಎಂದು ಬಂದರೆ ಹತ್ತು ನಿಮಿಷವನ್ನು ಐದಕ್ಕೆ ಇಳಿಸಿ.