ಬ್ಯಾಂಕಾಕ್‌ಗೆ ಪುಟ್ಟ ಟ್ರಿಪ್: ಅಸೋಕ್, ಖಾವೊ ಸಾನ್, ನದಿ ದಂಡೆ - ರೂಮ್ ಎಲ್ಲಿ ಹಿಡಿದರೆ ಚೆನ್ನ?

ಮೂರ್ನಾಲ್ಕು ದಿನಕ್ಕೆ ಬ್ಯಾಂಕಾಕ್‌ಗೆ ಹೊರಟವರು ಹೋಟೆಲ್ ಹುಡುಕುವಾಗ ಮೊದಲು ಬೆಲೆ ನೋಡುತ್ತಾರೆ, ಆಮೇಲೆ ಈಜುಕೊಳ ಇದೆಯಾ, ಬೆಳಗಿನ ತಿಂಡಿ ಸೇರಿದೆಯಾ ಅಂತ ನೋಡುತ್ತಾರೆ. ನಾನು ಈಗ ಮೊದಲು ಕೇಳಿಕೊಳ್ಳುವ ಪ್ರಶ್ನೆ ಬೇರೆ. ಮಧ್ಯಾಹ್ನ 12ಕ್ಕೆ ಬಿಸಿಲು ನೆತ್ತಿಗೇರಿದಾಗ ರೂಮಿಗೆ ವಾಪಸ್ ಬರೋದು ಎಷ್ಟು ಸುಲಭ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಬ್ಯಾಂಕಾಕ್ ಹೆಚ್ಚುಕಡಿಮೆ ಸಮುದ್ರಮಟ್ಟದಲ್ಲೇ ಇದೆ. ಮಂಗಳೂರು, ಉಡುಪಿ ಕಡೆಯವರಿಗೆ ಆ ಸೆಖೆ ಹೊಸದಲ್ಲ. ನಮ್ಮಂಥ ಬಯಲುಸೀಮೆಯವರು ಬೆಳಗ್ಗೆ ಎರಡು ದೇವಾಲಯ ಸುತ್ತುವಷ್ಟರಲ್ಲಿ ಬೆವರಲ್ಲಿ ತೊಯ್ದು ಹೋಗುತ್ತೇವೆ. ಸ್ನಾನ ಮಾಡಿ ಒಂದೆರಡು ಗಂಟೆ ಮಲಗಿ ಎದ್ದರೆ ಸಂಜೆಗೆ ಮತ್ತೆ ಹುರುಪು ಬರುತ್ತದೆ. ಆ ಎರಡು ಗಂಟೆ ಸಿಗದಿದ್ದರೆ ಸಂಜೆಯೂ ಹೋದ ಹಾಗೆ. ಇಷ್ಟು ಪುಟ್ಟ ಟ್ರಿಪ್‌ನಲ್ಲಿ ಅದು ದೊಡ್ಡ ನಷ್ಟ.

ಬೇರೆ ಬೇರೆ ಸಲ ಮೂರು ಕಡೆ ಉಳಿದು ನೋಡಿದ್ದೇನೆ. ಒಂದು, ಸುಖುಮ್ವಿಟ್ ರಸ್ತೆಯ ಅಸೋಕ್. ಎರಡು, ಹಳೇ ಊರಿನ ಬಾಂಗ್ಲಂಪೂ, ಅಂದರೆ ಖಾವೊ ಸಾನ್ ರಸ್ತೆಯ ಸುತ್ತಮುತ್ತ. ಮೂರು, ನದಿ ಪಕ್ಕದ ಸಫಾನ್ ತಕ್ಸಿನ್.

ವಿಮಾನ ನಿಲ್ದಾಣದಿಂದ ತಲುಪೋದರಲ್ಲಿ ಅಸೋಕ್ ಮುಂದು. ಸುವರ್ಣಭೂಮಿಯಿಂದ ಏರ್‌ಪೋರ್ಟ್ ರೈಲು ಹತ್ತಿ ಮಕ್ಕಸಾನ್‌ನಲ್ಲಿ ಇಳಿಯಬೇಕು. ಪಕ್ಕದ ಫೆಟ್ಚಬುರಿ ನಿಲ್ದಾಣಕ್ಕೆ ನಡೆದು ಎಂಆರ್‌ಟಿ ಮೆಟ್ರೊದಲ್ಲಿ ಒಂದೇ ಸ್ಟಾಪ್. ಸಫಾನ್ ತಕ್ಸಿನ್‌ಗೆ ಅದೇ ರೈಲಿನಲ್ಲಿ ಕೊನೆಯ ನಿಲ್ದಾಣ ಫಯಾ ಥಾಯ್‌ವರೆಗೆ ಹೋಗಿ, ಬಿಟಿಎಸ್ ಸ್ಕೈಟ್ರೇನ್ ಹಿಡಿದು, ಸಿಯಾಮ್‌ನಲ್ಲಿ ಇಳಿದು ಎದುರಿನ ರೈಲು ಹತ್ತಿದರಾಯಿತು. ಬ್ಯಾಗ್ ಹೊತ್ತು ಮೆಟ್ಟಿಲು ಹತ್ತಿಳಿಯುವ ಕಾಟ ಸಿಯಾಮ್‌ನಲ್ಲಿ ಇಲ್ಲ. ಬಾಂಗ್ಲಂಪೂಗೆ ಮಾತ್ರ ಇನ್ನೂ ರೈಲಿಲ್ಲ. ಪರ್ಪಲ್ ಲೈನ್ ಆ ಕಡೆಗೆ ಬರುತ್ತಿದೆ, ಕೆಲಸ ನಡೆಯುತ್ತಿದೆ. ಅಲ್ಲಿವರೆಗೆ ಬಸ್ಸು, ಇಲ್ಲವೇ ಟ್ಯಾಕ್ಸಿ. ಟ್ಯಾಕ್ಸಿಗೆ ಮೀಟರಿನ ಮೇಲೆ ಏರ್‌ಪೋರ್ಟ್ ಶುಲ್ಕ 50 ಬಾತ್ (ಅಲ್ಲಿನ ಹಣ), ಹೆದ್ದಾರಿ ಟೋಲ್ ಬೇರೆ.

ಬೆಳಗಿನ ಹೊತ್ತು ಮಾತ್ರ ಲೆಕ್ಕ ತಿರುಗಿ ಬೀಳುತ್ತದೆ. ನೋಡಲೇಬೇಕಾದ್ದೆಲ್ಲ ಹಳೇ ಊರಲ್ಲಿದೆ. 1782ರಲ್ಲಿ ಥಾಯ್ ರಾಜ ಒಂದನೇ ರಾಮ ಕಟ್ಟಿಸಲು ಶುರು ಮಾಡಿದ ಗ್ರ್ಯಾಂಡ್ ಪ್ಯಾಲೇಸ್, 46 ಮೀಟರ್ ಉದ್ದದ ಮಲಗಿದ ಬುದ್ಧನಿರುವ ವಾಟ್ ಫೋ, ನದಿಯಾಚೆಯ ವಾಟ್ ಅರುಣ್ ಎಲ್ಲ ಹತ್ತಿರ ಹತ್ತಿರ. ಪ್ಯಾಲೇಸ್ ತೆರೆಯೋದು 8:30ಕ್ಕೆ, ಟಿಕೆಟ್ 500 ಬಾತ್. ಆ ಹೊತ್ತಿಗೆ ಬಾಗಿಲಲ್ಲಿ ಇರುವುದಕ್ಕೂ 10 ಗಂಟೆಗೆ ಹೋಗುವುದಕ್ಕೂ ಬಹಳ ವ್ಯತ್ಯಾಸ ಇದೆ. 10ಕ್ಕೆ ಟೂರ್ ಬಸ್‌ಗಳ ಜನ ತುಂಬಿರುತ್ತಾರೆ. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ. ದಾರಿಯಲ್ಲಿ ಯಾರಾದರೂ "ಇವತ್ತು ಪ್ಯಾಲೇಸ್ ಮುಚ್ಚಿದೆ, ಬೇರೆ ಕಡೆ ಕರೆದುಕೊಂಡು ಹೋಗ್ತೀನಿ" ಅಂದರೆ ನಿಲ್ಲದೆ ಗೇಟಿನವರೆಗೆ ನಡೆಯಿರಿ.

ಬಾಂಗ್ಲಂಪೂದಿಂದ ಪ್ಯಾಲೇಸ್, ವಾಟ್ ಫೋಗೆ ನಡೆದೇ ಹೋಗಬಹುದು. ಬೆಳಗ್ಗೆ 6ಕ್ಕೆ ಕೇಸರಿ ಬಟ್ಟೆಯ ಭಿಕ್ಷುಗಳು ಬರಿಗಾಲಲ್ಲಿ ಭಿಕ್ಷೆಗೆ ಹೊರಟಿರುತ್ತಾರೆ, ಅಂಗಡಿಯವರು ಚಪ್ಪಲಿ ಬಿಟ್ಟು ಅನ್ನ ನೀಡುತ್ತಾರೆ. ಆ ಒಂದು ಗಂಟೆಗೆ ನನಗೆ ಆ ಊರಿನ ಮೇಲೆ ಪ್ರೀತಿ ಹುಟ್ಟಿತು. ಅಸೋಕ್‌ನಿಂದ ಬರೋದಾದರೆ ಮೆಟ್ರೊದಲ್ಲಿ ಒಂಬತ್ತನೇ ಸ್ಟಾಪ್ ಸನಾಮ್ ಚಾಯ್. ಅಲ್ಲಿಂದ ವಾಟ್ ಫೋ ಹತ್ತಿರ. 2019ರಲ್ಲಿ ಈ ಮಾರ್ಗ ಬಂದ ಮೇಲೆ ಅಸೋಕ್ ಮೊದಲಿನಷ್ಟು ದೂರ ಅನ್ನಿಸೋದಿಲ್ಲ. ಆದರೆ ಹೋಟೆಲ್ ಬಾಗಿಲಿಂದ ದೇವಾಲಯದ ಬಾಗಿಲಿಗೆ ಮುಕ್ಕಾಲು ಗಂಟೆ ಇಟ್ಟುಕೊಳ್ಳಲೇಬೇಕು.

ಸಫಾನ್ ತಕ್ಸಿನ್‌ನ ದಾರಿ ಇದಕ್ಕಿಂತ ಚೆಂದ. ಸ್ಟೇಷನ್ ಕೆಳಗೇ ಸಾಥೋನ್ ದೋಣಿ ಕಟ್ಟೆ ಇದೆ. ಕಿತ್ತಳೆ ಬಾವುಟದ ಚಾವೊ ಫ್ರಾಯಾ ಎಕ್ಸ್‌ಪ್ರೆಸ್ ದೋಣಿ ಹತ್ತಿದರೆ 16 ಬಾತ್, ಎಲ್ಲಿಗೆ ಹೋದರೂ ಅಷ್ಟೇ. ಕಟ್ಟೆಯಲ್ಲಿ ನಿಂತವರು ಪ್ರವಾಸಿಗರ ನೀಲಿ ಬಾವುಟದ ದೋಣಿ ಕಡೆಗೇ ಕರೆಯುತ್ತಾರೆ, ಅದಕ್ಕೆ ದುಡ್ಡು ಜಾಸ್ತಿ. ಸುಮ್ನೆ ಸ್ವಲ್ಪ ಹೊತ್ತು ಕಾಯಿರಿ, ಕಿತ್ತಳೆ ಬಾವುಟ ಬರುತ್ತದೆ. ಆಫೀಸಿಗೆ ಹೋಗುವವರು, ಯೂನಿಫಾರ್ಮ್ ಹಾಕಿದ ಮಕ್ಕಳು, ಒಬ್ಬಿಬ್ಬರು ಭಿಕ್ಷುಗಳು, ಮುಖಕ್ಕೆ ತಣ್ಣನೆ ಗಾಳಿ. ಟ್ರಾಫಿಕ್ ಜಾಮ್‌ಗೆ ಹೆಸರಾದ ಊರಲ್ಲಿ ಇಷ್ಟು ಹಾಯಾಗಿ ಹೋಗಬಹುದಲ್ಲ ಅಂತ ಪ್ರತಿ ಸಲ ಖುಷಿಯಾಗುತ್ತದೆ. ಅರ್ಧ ಗಂಟೆಯೊಳಗೆ ತಾ ತಿಯನ್ ಕಟ್ಟೆ ಬರುತ್ತದೆ. ಅಲ್ಲೇ ಇನ್ನೊಂದು ಪುಟ್ಟ ದೋಣಿ ಹತ್ತಿದರೆ ಆಚೆ ದಡದಲ್ಲಿ ವಾಟ್ ಅರುಣ್.

ಇನ್ನು ಮಧ್ಯಾಹ್ನ. ಬಾಂಗ್ಲಂಪೂದವರು ನಡೆದು ವಾಪಸಾಗಬಹುದು, ಆದರೆ ಆ ಬಿಸಿಲಲ್ಲಿ ನಡೆಯೋದೇ ಕಷ್ಟ. ಅಸೋಕ್‌ನಲ್ಲಿದ್ದಾಗ ನಾನು ಒಂದು ಮಧ್ಯಾಹ್ನವೂ ರೂಮಿಗೆ ಬರಲಿಲ್ಲ. ದೂರ ಅನ್ನಿಸಿ ಯಾವುದೋ ಮಾಲ್‌ನ ಎಸಿಯಲ್ಲಿ ಕೂತೆ. ಮಾಲ್ ನಮ್ಮೂರಲ್ಲೂ ಇದೆ ಅಲ್ವಾ? ನದಿ ದಂಡೆಯಿಂದ ಮಾತ್ರ ದೋಣಿಯಲ್ಲಿ ತಣ್ಣಗೆ ಬಂದು, ಉಂಡು, ಮಲಗಿ, ನಾಲ್ಕು ಗಂಟೆಗೆ ಎದ್ದು ಮತ್ತೆ ಅದೇ ದೋಣಿ ಹತ್ತಿದೆ. ನನ್ನ ಮಟ್ಟಿಗೆ ತೀರ್ಮಾನ ಅಲ್ಲೇ ಆಯಿತು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಸ್ವಲ್ಪ ಯೋಚಿಸಬೇಕು. ತರಕಾರಿ ಪಲ್ಯದಂತೆ ಕಾಣುವುದರಲ್ಲೂ ಮೀನಿನ ಸಾಸ್ ಇರುತ್ತದೆ, ಪಪ್ಪಾಯಿ ಸಲಾಡ್‌ನಲ್ಲೂ. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಕಂಡರೆ ಅದು 'ಜೇ' ಅಂಗಡಿ. ಅಲ್ಲಿ ಮಾಂಸ, ಮೀನು, ಮೊಟ್ಟೆ ಇರುವುದಿಲ್ಲ, ಬೆಳ್ಳುಳ್ಳಿಯೂ ಇಲ್ಲ. ಧೈರ್ಯವಾಗಿ ತಿನ್ನಿ. ಅಸೋಕ್ ಪಕ್ಕದ ನಾನಾ ಕಡೆ ಭಾರತೀಯ ಹೋಟೆಲ್‌ಗಳು ಸಾಕಷ್ಟಿವೆ. ಸಫಾನ್ ತಕ್ಸಿನ್‌ನಿಂದ ಸೀಲೋಮ್ ರಸ್ತೆಯ ಮಾರಿಯಮ್ಮನ್ ಗುಡಿ ದೂರವಿಲ್ಲ, ಆ ಸುತ್ತಲೂ ಸಾಂಬಾರ್ ಸಿಗುತ್ತದೆ. ಗುಡಿಯಲ್ಲಿ ನಮ್ಮವರಿಗಿಂತ ಥಾಯ್ ಭಕ್ತರೇ ಜಾಸ್ತಿ, ಅವರ ಭಕ್ತಿ ನೋಡಲಿಕ್ಕಾದರೂ ಒಮ್ಮೆ ಹೋಗಿ. ಹಳೇ ಊರಿನವರಿಗೆ ಪಾಹುರತ್ ಇದೆ, ಅಲ್ಲಿನ ಲಿಟಲ್ ಇಂಡಿಯಾ. ಪಕ್ಕದಲ್ಲೇ ಪಾಕ್ ಖ್ಲಾಂಗ್ ಹೂವಿನ ಮಾರುಕಟ್ಟೆ, ರಾತ್ರಿಯೂ ತೆರೆದಿರುತ್ತದೆ. ಚೆಂಡು ಹೂವಿನ ರಾಶಿಗಳ ನಡುವೆ ನಡೆದಾಗ ಥೇಟ್ ನಮ್ಮ ಕೆ.ಆರ್. ಮಾರ್ಕೆಟ್.

ರಾತ್ರಿ ಅಸೋಕ್‌ನದ್ದೇ ಗೆಲುವು, ಇದನ್ನು ಒಪ್ಪಲೇಬೇಕು. ಬಿಟಿಎಸ್, ಎಂಆರ್‌ಟಿ ಎರಡೂ ರೈಲುಗಳು ಸೇರುವ ಜಾಗ ಅದು. ಚೈನಾಟೌನ್‌ನ ಯಾವರಾತ್‌ನಲ್ಲಿ ತಡವಾಗಿ ತಿಂದು ವಾಟ್ ಮಂಗ್ಕೊನ್ ನಿಲ್ದಾಣದಿಂದ ನೇರ ವಾಪಸ್ ಬರಬಹುದು. ನದಿ ದೋಣಿಗಳು ಕತ್ತಲಾದ ಮೇಲೆ ಹೆಚ್ಚು ಹೊತ್ತು ಇರುವುದಿಲ್ಲ, ಆಮೇಲೆ ಆ್ಯಪ್‌ನಲ್ಲಿ ಕ್ಯಾಬ್ ಕರೆಸಬೇಕು. ಖಾವೊ ಸಾನ್ ರಾತ್ರಿ ಮಲಗುವ ಜಾಗವೇ ಅಲ್ಲ. ನಾನಿದ್ದ ರೂಮಿನ ಕಿಟಕಿ ಗಾಜು ಹಾಡಿನ ಸದ್ದಿಗೆ ನಡುಗುತ್ತಿತ್ತು. ಬಾಂಗ್ಲಂಪೂ ಬೇಕೇ ಬೇಕು ಅನ್ನುವವರು ಫ್ರಾ ಆಥಿತ್ ದೋಣಿ ಕಟ್ಟೆಯ ಕಡೆ ಒಳಗಲ್ಲಿಯಲ್ಲಿ ಹುಡುಕಿ. ಅಲ್ಲಿ ಬೆಳಗಿನ ಸುಖವೂ ಇದೆ, ನಿದ್ದೆಯೂ ಬರುತ್ತದೆ.

ಅಪ್ಪ ಅಮ್ಮನ ಜೊತೆ ಮೊದಲ ಸಲ ಹೋಗುವವರಿಗೆ ನಾನು ಸಫಾನ್ ತಕ್ಸಿನ್ ಅನ್ನೇ ಹೇಳುತ್ತೇನೆ. ಗೆಳೆಯರ ಗುಂಪು, ಶಾಪಿಂಗು, ತಡರಾತ್ರಿಯ ತಿರುಗಾಟ ಅಂದರೆ ಅಸೋಕ್. ಎಲ್ಲೇ ಉಳಿದರೂ ದಿನಗಳಲ್ಲಿ ಒಂದು ಶನಿವಾರವೋ ಭಾನುವಾರವೋ ಸೇರಿರಲಿ, ಚತುಚಕ್ ಸಂತೆ ಪೂರ್ತಿಯಾಗಿ ತೆರೆಯೋದು ಆಗಲೇ. ಬೆಂಗಳೂರಿನಿಂದ ರಾತ್ರಿ ಹೊರಡುವ ವಿಮಾನ ಬೆಳಗಿನ ಜಾವ ಇಳಿಸುತ್ತದೆ, ರೂಮ್ ಸಿಗೋದು ಮಧ್ಯಾಹ್ನ. ಹಾಗಾಗಿ ಬ್ಯಾಗ್ ಇಟ್ಟುಕೊಳ್ಳುತ್ತೀರಾ ಅಂತ ಹೋಟೆಲಿಗೆ ಮೊದಲೇ ಬರೆದು ಕೇಳಿ. 2025ರ ಮೇ ತಿಂಗಳಿಂದ ಡಿಜಿಟಲ್ ಅರೈವಲ್ ಕಾರ್ಡ್ ಕಡ್ಡಾಯ. ಇಳಿಯುವ ಮುಂಚಿನ ಮೂರು ದಿನದೊಳಗೆ ಸರ್ಕಾರದ ವೆಬ್‌ಸೈಟ್‌ನಲ್ಲಿ ತುಂಬಬೇಕು, ಅದಕ್ಕೆ ದುಡ್ಡಿಲ್ಲ. ದುಡ್ಡು ಕೇಳುವ ಸೈಟ್ ಸಿಕ್ಕರೆ ಮುಚ್ಚಿಬಿಡಿ.